‘ವಶ’ ಎಂಬ ಮಾತು

ಖಾನಾಪುರ ತಾಲೂಕಿನ ಬೀಡಿ ಗ್ರಾಮದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದ ಒಂದು ಸಂಜೆ ಬೆಳಗಾವಿಯ ನಮ್ಮ ಮನೆಗೆ ಬಂದು, ಬಹಳ ಹೊತ್ತು ತಲೆ ತಗ್ಗಿಸಿ ಕುಳಿತ. ಗೆಳೆಯನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬರುತ್ತಿದ್ದ ಅವನ ತಮ್ಮನನ್ನು ಪೊಲೀಸರು ಹಿಡಿದಿದ್ದರು. ಹುಡುಗನ ತೊಡೆಯ ಮೇಲಿದ್ದ ಚೀಲದಲ್ಲಿ ಗಾಂಜಾ ಸಿಕ್ಕಿತ್ತು. ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಬಿಡಿಸಿ ತರುವೆನೆಂದ ಮಧ್ಯಸ್ಥನೊಬ್ಬ ಎಮ್ಮೆ ಮಾರಿದ ಹಣ ಪಡೆದು ಕಾಣೆಯಾಗಿದ್ದ.

“ವಕೀಲರನ್ನ ಹಿಡದ್ರ ತಪ್ಪು ಒಪ್ಪಿಕೊಂಡಂಗ ಆಗೂದಿಲ್ಲೇನ್ರಿ, ಸರ್?” ಎಂದು ಅವನು ಕೇಳಿದ.

ಕನ್ನಡ ಕಲಿಸಿದ ನಾನು ಕಾನೂನು ಬಲ್ಲವನಲ್ಲ. ಆದರೆ ಶಬ್ದದ ಅರ್ಥವನ್ನು ಕೆದಕುವುದು ನನ್ನ ಕಸುಬು. ದೂರಿನಲ್ಲಿ ‘ವಶದಲ್ಲಿತ್ತು’ ಎಂದು ಬರೆದಿತ್ತು. ಪರವಶ, ವಶೀಕರಣ ಎನ್ನುವಾಗ ಆ ಮಾತಿನಲ್ಲಿ ಮನಸ್ಸಿನ ವ್ಯಾಪಾರವೂ ಸೇರಿರುತ್ತದೆ. ಕಾನೂನಿನ ‘ವಶ’ವೂ ಅಂತಹುದೇ: ವಸ್ತು ಕೈಯಲ್ಲಿದ್ದರೆ ಸಾಲದು, ಅದು ಇದೆಯೆಂಬ ಅರಿವೂ ಬೇಕು. ಆದರೆ ಇಲ್ಲೊಂದು ತೊಡಕುಂಟು. ವಸ್ತು ಆರೋಪಿಯ ಹತೋಟಿಯಲ್ಲಿತ್ತೆಂದು ಸರಕಾರದ ಕಡೆಯವರು ತೋರಿಸಿದ ಮೇಲೆ, 1985ರ ಮಾದಕ ವಸ್ತುಗಳ ಕಾಯಿದೆ ಅರಿವು ಇತ್ತೆಂದೇ ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊರೆ ಆರೋಪಿಯದು. ಆದ್ದರಿಂದಲೇ ‘ಸುಮ್ಮನಿದ್ದರೆ ಸತ್ಯ ತಾನೇ ಗೆಲ್ಲುತ್ತದೆ’ ಎಂದು ಕೂರುವುದು ಇಲ್ಲಿ ಅಪಾಯಕಾರಿ.

ಎರಡನೆಯದು ತೂಕ. ಗಾಂಜಾ ಒಂದು ಕಿಲೋಗಿಂತ ಕಡಿಮೆಯಿದ್ದರೆ ‘ಅಲ್ಪ ಪ್ರಮಾಣ’. ಶಿಕ್ಷೆ ಒಂದು ವರ್ಷದವರೆಗಿನ ಸೆರೆ, ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’. ಅದಕ್ಕೆ ಕನಿಷ್ಠ ಹತ್ತು ವರ್ಷ, ಜಾಮೀನೂ ಬಹು ಕಠಿಣ. ನಡುವಿನದಕ್ಕೆ ಹತ್ತು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಹುಡುಗನ ಪಾಲಿಗೆ ತಕ್ಕಡಿಯ ಆ ತುಸು ಹೆಚ್ಚಿನ ತೂಕವೇ ಒಂದು ವರ್ಷಕ್ಕೂ ಹತ್ತು ವರ್ಷಕ್ಕೂ ನಡುವಿನ ಅಂತರ. ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿಯೊಡನೆ ಕೂಡಿರದ ಬರಿಯ ಎಲೆ, ಬೀಜ ಅದರಲ್ಲಿ ಸೇರವು. ಏನನ್ನು ತೂಗಿದರು, ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆದರೆ, ಮೊಹರು ಸರಿಯಿತ್ತೆ ಎಂಬ ಪ್ರಶ್ನೆಗಳನ್ನು ಕೇಳಬಲ್ಲವರು ವಕೀಲರೇ. ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ನಡೆಯಲೆಂದು ಕೇಳುವ ಹಕ್ಕನ್ನು ಆರೋಪಿಗೆ ತಿಳಿಸಬೇಕು. ಕೈಯಲ್ಲಿಯ ಚೀಲಕ್ಕೆ ಈ ರಕ್ಷೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಹೇಳಿದೆ.

ಇನ್ನು ವಕೀಲರನ್ನು ಹುಡುಕುವ ಬಗೆ. ಬಂಧಿತನಿಗೆ ತಾನೊಪ್ಪಿದ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೆಯ ವಿಧಿಯೇ ಕೊಟ್ಟಿದೆ. ಹಕ್ಕನ್ನು ಬಳಸಿದರೆ ತಪ್ಪೊಪ್ಪಿಗೆ ಹೇಗಾದೀತು? ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಲ್ಲುತ್ತದೆ. ಅದಕ್ಕೆಂದೇ ಜಿಲ್ಲಾ ಪ್ರಾಧಿಕಾರಗಳೂ ತಾಲೂಕು ಸಮಿತಿಗಳೂ ಇವೆ, ದೂರವಾಣಿ 15100. ಸ್ವಂತ ವಕೀಲರನ್ನು ಗೊತ್ತುಮಾಡುವುದಾದರೆ, ಈ ಕಾಯಿದೆಯ ಮೊಕದ್ದಮೆಗಳನ್ನು ನಡೆಸಿದ್ದಾರೆಯೇ ಎಂದು ಕೇಳಬೇಕು. ಕೊಟ್ಟ ಹಣಕ್ಕೆ ರಸೀತಿ ಪಡೆಯಬೇಕು. ‘ಬಿಡಿಸಿಯೇ ಬಿಡುತ್ತೇನೆ’ ಎನ್ನುವವರಿಗಿಂತ, ದೂರನ್ನೂ ಪಂಚನಾಮೆಯನ್ನೂ ಮೊದಲು ಓದುವವರು ಮೇಲು.

ನನ್ನ ವಿದ್ಯಾರ್ಥಿ ಮರುದಿನವೇ ಪ್ರಾಧಿಕಾರದ ಕಚೇರಿಯ ಮೆಟ್ಟಿಲು ಹತ್ತಿದ. ಹುಡುಗನಿಗೆ ಜಾಮೀನು ದೊರೆತಿದೆ. ವಿಚಾರಣೆ ಇನ್ನೂ ಮುಗಿದಿಲ್ಲ. ಅವನು ಚೀಲದೊಳಗಿನದನ್ನು ಅರಿತಿದ್ದನೋ ಇಲ್ಲವೋ, ನಾನು ಹೇಳಲಾರೆ. ಅದನ್ನು ನಿರ್ಣಯಿಸುವ ದಿನ ಅವನ ಪರವಾಗಿ ಮಾತನಾಡಲು ಒಬ್ಬರು ಎದ್ದು ನಿಲ್ಲುತ್ತಾರೆ ಎಂಬುದಷ್ಟೇ ನನ್ನ ಸಮಾಧಾನ.