ಶುಶ್ರೂಷಕಿಯರ ಕಲಿಕೆಗೆ ಹೊರಗಿನ ನೆರವು

ಶಿಶು ಹುಟ್ಟಿದೊಡನೆ ಅಳಲಿಲ್ಲವೆನ್ನಿ. ಉಸಿರಾಟಕ್ಕೆ ನೆರವು ಮೊದಲ ಒಂದು ನಿಮಿಷದೊಳಗೇ ದೊರೆಯಬೇಕು. ಆ ನಿಮಿಷದಲ್ಲಿ ವೈದ್ಯರು ಬಳಿಯಲ್ಲಿರುವರೆಂಬ ಭರವಸೆಯಿಲ್ಲ; ಇರುವವಳು ಶುಶ್ರೂಷಕಿ. ಇಪ್ಪತ್ತು ವರ್ಷಗಳ ಹಿಂದೆ ಪಡೆದ ಡಿಪ್ಲೊಮಾ ಒಂದೇ ಆಗ ಅವಳ ಕೈಗೆ ಎಷ್ಟು ಧೈರ್ಯ ನೀಡೀತು?

ಈ ಕೊರತೆಯನ್ನು ಮನಗಂಡೇ ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಗಳಿಗೊಮ್ಮೆ ನೋಂದಣಿ ನವೀಕರಿಸಲು 150 ಗಂಟೆಗಳ ನಿರಂತರ ಶಿಕ್ಷಣವನ್ನು ಗೊತ್ತುಪಡಿಸಿತು. ಆದರೆ ಗಂಟೆಗಳನ್ನು ಎಣಿಸುವುದು ಸುಲಭ, ಕಲಿಕೆಯನ್ನು ಅಳೆಯುವುದು ಕಷ್ಟ. ಉಪನ್ಯಾಸ ಕೇಳಿ, ಪ್ರಮಾಣಪತ್ರ ಪಡೆದು ಮರಳಿದವಳಿಗೆ ವಾರ್ಡಿನಲ್ಲಿ ಹಳೆಯ ಪರಿಪಾಠವೇ ಕಾದಿರುತ್ತದೆ. ನಿತ್ಯ ಕಂಡು ರೂಢಿಯಾದ ತಪ್ಪು ಒಳಗಿನವರ ಕಣ್ಣಿಗೆ ಬೀಳುವುದೂ ಅಪರೂಪ.

ಇಲ್ಲಿಯೇ ಹೊರಗಿನ ಸಲಹೆಗಾರರ ಪಾತ್ರ. ಅದು ಹೇಗಿರಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. 2012–13ರಲ್ಲಿ ಬಳ್ಳಾರಿ ಹಾಗೂ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗಳ 54 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ವಿಶೇಷ ತರಬೇತಿ ಪಡೆದ ಶುಶ್ರೂಷಕಿಯರು ಮಾರ್ಗದರ್ಶಕಿಯರಾಗಿ ಹೋದರು. ಹೋಲಿಕೆಗಾಗಿ ಇನ್ನೂ 54 ಕೇಂದ್ರಗಳನ್ನು ಈ ನೆರವಿಲ್ಲದೆ ಇರಿಸಲಾಗಿತ್ತು. ಮಾರ್ಗದರ್ಶಕಿಯರು ಮೇಲಧಿಕಾರಿಗಳಂತೆ ತಪಾಸಣೆ ನಡೆಸಿ ಹಿಂದಿರುಗಲಿಲ್ಲ. ಹೆರಿಗೆ ಕೊಠಡಿಯಲ್ಲಿ ಜೊತೆಗೆ ನಿಂತು ಕಲಿಸಿದರು. ಕೇಂದ್ರದ ಸಿಬ್ಬಂದಿ ತಮ್ಮ ಕುಂದುಗಳನ್ನು ತಾವೇ ಗುರುತಿಸುವಂತೆ ಮಾಡಿದರು. ಹೆರಿಗೆಯ ಪ್ರತಿ ಹಂತವನ್ನೂ ನೆನಪಿಸುವ ದಾಖಲೆಪತ್ರವನ್ನು ಬಳಕೆಗೆ ತಂದರು. ಕೊನೆಗೆ ನೋಡಿದಾಗ, ತೊಡಕಿನ ಹೆರಿಗೆಯನ್ನು ನಿರ್ವಹಿಸುವ ಅರಿವಿನಲ್ಲಿ ಆ ಕೇಂದ್ರಗಳ ಸಿಬ್ಬಂದಿ ಉಳಿದವರಿಗಿಂತ ಮುಂದಿದ್ದರು.

ಸಲಹೆಗಾರರಿಂದ ಎಲ್ಲವೂ ಆಗದು. ಔಷಧವಿಲ್ಲದ ಕಪಾಟನ್ನಾಗಲಿ, ಇಬ್ಬರ ಕೆಲಸವನ್ನು ಒಬ್ಬಳೇ ಹೊರುವ ರಾತ್ರಿಪಾಳಿಯನ್ನಾಗಲಿ ಬೋಧನೆಯು ಸರಿಪಡಿಸಲಾರದು.

ಮಹಾನಗರದ ಕನ್ನಡಿಗರಲ್ಲಿ ಆಸ್ಪತ್ರೆಗಳ ವಿಶ್ವಸ್ತ ಮಂಡಳಿಗಳಲ್ಲಿ ಕುಳಿತವರೂ, ದಾನ ನೀಡುವವರೂ ಉಂಟು. ಹೊರಗಿನ ತಜ್ಞರ ಸಂಭಾವನೆಗೆ ಸಹಿ ಹಾಕುವ ಮುನ್ನ ಅವರು ಮೂರು ಪ್ರಶ್ನೆಗಳನ್ನು ಕೇಳಬೇಕು: ಪಾಠಕ್ಕೆ ಮೊದಲು ಶುಶ್ರೂಷಕಿಯರ ಕಷ್ಟವನ್ನು ತಜ್ಞರು ಕೇಳಿದರೇ? ಪಾಠ ನಡೆಯುವುದು ಸಭಾಂಗಣದಲ್ಲೋ, ರೋಗಿಯ ಮಂಚದ ಬಳಿಯಲ್ಲೋ? ತಜ್ಞರು ಹೊರಟುಹೋದ ಮೇಲೆ ಕಲಿಸಬಲ್ಲವರು ಆಸ್ಪತ್ರೆಯೊಳಗೇ ಯಾರಿದ್ದಾರೆ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಹಣ ಬರಿಯ ಖರ್ಚು. ಇದ್ದರೆ ಅದು ಬಂಡವಾಳ. ಅದರ ಬಡ್ಡಿ ಸಲ್ಲುವುದು ಉಸಿರಿಗಾಗಿ ಕಾದಿರುವ ಶಿಶುವಿಗೆ.