ಅರ್ಧ ಮ್ಯಾರಥಾನ್ ಓಟವೂ ಮನೆಯವರ ಬೆಂಬಲವೂ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಇತಿಹಾಸ ವಿಭಾಗ)

ದೂರದ ಓಟವೆಂದರೆ ಒಬ್ಬರೇ ಓಡುವ ಓಟವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಕಬಡ್ಡಿಗೆ ಏಳು ಮಂದಿ ಬೇಕು, ವಾಲಿಬಾಲಿಗೆ ಆರು ಮಂದಿ ಬೇಕು. ರಸ್ತೆಯ ಓಟಕ್ಕೆ ಎರಡು ಕಾಲುಗಳಿದ್ದರೆ ಸಾಕೆನ್ನುವುದು ವಾಡಿಕೆಯ ಮಾತು. ಕಳೆದ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಒಂದು ಅರ್ಧ ಮ್ಯಾರಥಾನಿನಲ್ಲಿ ಓಡುವುದಕ್ಕೆ ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ನನಗೆ ಬಹುಮಾನವೇನೂ ಬರಲಿಲ್ಲ; ಆದುದರಿಂದ ಇದು ಗೆಲುವಿನ ವೃತ್ತಾಂತವಲ್ಲ. ಇಂತಹ ಓಟಕ್ಕೆ ದೇಹವು ಹೇಗೆ ಸಿದ್ಧವಾಗುತ್ತದೆ, ಅದು ಸಿದ್ಧವಾಗಬೇಕಾದರೆ ಮನೆಯೊಳಗೆ ಏನೇನು ನಡೆಯಬೇಕಾಗುತ್ತದೆ ಎಂಬುದನ್ನು ಅನುಭವಕ್ಕೆ ಬಂದಷ್ಟು ಮಟ್ಟಿಗೆ ಇಲ್ಲಿ ತಿಳಿಸಲು ಯತ್ನಿಸಿದ್ದೇನೆ.

ಮೊದಲು ದೂರದ ಮಾತು. ಅರ್ಧ ಮ್ಯಾರಥಾನಿನ ದೂರ 21.0975 ಕಿಲೊಮೀಟರು. ಈ ವಿಚಿತ್ರವಾದ ಅಂಕಿ ಎಲ್ಲಿಂದ ಬಂತೆಂದು ಗೆಳತಿಯರು ಕೇಳುವುದುಂಟು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನಿನ ದೂರ ಸುಮಾರು 40 ಕಿಲೊಮೀಟರು ಮಾತ್ರ ಇದ್ದಿತು. 1908ರ ಲಂಡನ್ ಕ್ರೀಡೆಗಳಲ್ಲಿ ಅದು 26 ಮೈಲಿ 385 ಗಜ, ಎಂದರೆ 42.195 ಕಿಲೊಮೀಟರು ಆಯಿತು. 1921ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಅದನ್ನೇ ಕಾಯಂ ಮಾಡಿತು. ಅದರ ಸರಿ ಅರ್ಧವೇ ನಮ್ಮ ಈ ಓಟ. ನಡುವೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ಮ್ಯಾರಥಾನಿನ ದೂರವನ್ನು 42,750 ಮೀಟರಿಗೆ ಏರಿಸಿದ್ದರು. ಆ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಓಡಿ 19ನೆಯವರಾಗಿ ಗುರಿ ಮುಟ್ಟಿದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ. ಅರ್ಧ ಮ್ಯಾರಥಾನನ್ನು 2020ರಲ್ಲಿ ದೆಹಲಿಯಲ್ಲಿ ಅವಿನಾಶ್ ಸಾಬ್ಳೆಯವರು 1 ಗಂಟೆ 30 ಸೆಕೆಂಡಿನಲ್ಲಿ ಮುಗಿಸಿದರು. ನಾನು ತೆಗೆದುಕೊಂಡದ್ದು 2 ಗಂಟೆ 38 ನಿಮಿಷ. ಅವರು ಗುರಿ ಮುಟ್ಟಿ ಮನೆಗೆ ಹೋಗಿ ಊಟ ಮಾಡಿ ಮಲಗುವಷ್ಟು ಹೊತ್ತಿಗೆ ನಾನು ಇನ್ನೂ ಓಡುತ್ತಿರುತ್ತಿದ್ದೆನೆಂದಾಯಿತು!

ನಮ್ಮ ಊರಿರುವುದು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ನನಗೊಂದು ಅಭ್ಯಾಸಕ್ರಮವನ್ನು ಬರೆದುಕೊಟ್ಟರು: 16 ವಾರ, ವಾರಕ್ಕೆ ನಾಲ್ಕು ದಿನ. ಮೂರು ದಿನ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ. ಕಾಗದದ ಮೇಲೆ ನೋಡಿದರೆ ಏನೂ ಅಲ್ಲವೆನಿಸುತ್ತದೆ. ಒಟ್ಟು ಕೂಡಿಸಿದರೆ 80 ಗಂಟೆ. ಈ 80 ಗಂಟೆಗಳು ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಬೆಳಗಿನ ಹೊತ್ತಿನ ಒಂದೊಂದು ಗಳಿಗೆಗೂ ಒಂದೊಂದು ಕೆಲಸ ಅಂಟಿಕೊಂಡಿದೆ. ಐದಕ್ಕೆ ಅವ್ವ ಹಸು ಕರೆಯುತ್ತಾರೆ. ಹಾಲಿನ ಕ್ಯಾನನ್ನು ಆರೂವರೆಯೊಳಗೆ ಡೇರಿಗೆ ಮುಟ್ಟಿಸುವುದು ನನ್ನ ಕೆಲಸ. ಬಾಗಿಲು ಗುಡಿಸಿ ನೀರು ಹಾಕಿ, ಕೊಟ್ಟಿಗೆ ತೆಗೆದು, ತಮ್ಮನಿಗೆ ಡಬ್ಬಿ ಕಟ್ಟಿ, ಮುಕ್ಕಾಲು ಎಂಟರ ಬಸ್ಸು ಹಿಡಿಯಬೇಕು. ನಾನು ಓಡಲು ಹೋದರೆ ಆ ಕೆಲಸಗಳು ಇಲ್ಲವಾಗುವುದಿಲ್ಲ, ಇನ್ನೊಬ್ಬರ ಕೈಗೆ ಹೋಗುತ್ತವೆ. ಮನೆಯವರ ಬೆಂಬಲವೆಂದರೆ ರಸ್ತೆಯ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವುದೆಂದು ಭಾವಿಸಿದ್ದ ನನಗೆ ಅದರ ನಿಜವಾದ ರೂಪ ಮೊದಲ ವಾರದಲ್ಲಿಯೇ ಕಂಡಿತು. ಹಾಲಿನ ಕ್ಯಾನು ಎಸ್.ಎಸ್.ಎಲ್.ಸಿ. ಓದುತ್ತಿದ್ದ ತಮ್ಮನ ಪಾಲಿಗೆ ಬಂತು. ಗುಡಿಸುವುದು, ಕೊಟ್ಟಿಗೆ, ಡಬ್ಬಿ ಮೂರೂ ಅವ್ವನ ಪಾಲಿಗೆ ಬಂದುವು. ಕತ್ತಲಿನಲ್ಲಿ ನಾಲೆಯ ಏರಿಯ ಮೇಲೆ ಹೆಣ್ಣುಮಗಳು ಒಬ್ಬಳೇ ಓಡುವಂತಿರಲಿಲ್ಲವಾದುದರಿಂದ ಅಪ್ಪನ ನಿದ್ರೆಯೂ ಒಂದಷ್ಟು ಹೋಯಿತು. ರಾತ್ರಿ ಗದ್ದೆಗೆ ನೀರಿನ ಸರದಿ ಇದ್ದಾಗ ಅವರು ಕೆಸರುಗಾಲಿನಲ್ಲಿಯೇ ಸೈಕಲ್ ಹತ್ತಿ ನನ್ನ ಹಿಂದೆ ಬರುತ್ತಿದ್ದರು.

ಓಟದ ಅಭ್ಯಾಸವೆಂದರೆ ದಿನದಿನವೂ ಜೋರಾಗಿ ಓಡುವುದೆಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವವಾಗಿ ಬಹುಪಾಲು ಓಟ ನಿಧಾನವಾಗಿಯೇ ಇರಬೇಕು. ನಿಧಾನವಾಗಿ ಬಹಳ ಹೊತ್ತು ಓಡಿದಾಗ ಹೃದಯವು ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಮಾಂಸಖಂಡಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಉಸಿರು ಹತ್ತು ಹದಿನೈದು ದಿನಗಳಲ್ಲಿಯೇ ಸುಧಾರಿಸಿದರೂ ಎಲುಬು ಮತ್ತು ಸ್ನಾಯುಬಂಧಗಳು ಗಟ್ಟಿಯಾಗುವುದಕ್ಕೆ ತಿಂಗಳುಗಳೇ ಬೇಕು. ಉತ್ಸಾಹದಲ್ಲಿ ದೂರವನ್ನು ಒಮ್ಮೆಗೇ ಏರಿಸಿದವರ ಮೊಣಕಾಲು ಕೆಡುವುದು ಇದರಿಂದಲೇ. ನಿಧಾನವೆಂದರೆ ಎಷ್ಟು ನಿಧಾನ? ಓಡುತ್ತ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಇದಕ್ಕೆ ಯಾವ ಯಂತ್ರವೂ ಬೇಡ, ಮಾತನಾಡಿಸುವವರು ಒಬ್ಬರಿದ್ದರೆ ಸಾಕು.

ನನ್ನನ್ನು ಮಾತನಾಡಿಸುತ್ತಿದ್ದವರು ಅಪ್ಪ. ಅವರು ಓದಿದುದು ನಾಲ್ಕನೆಯ ತರಗತಿಯವರೆಗೆ. "ಕಾಲೇಜಲ್ಲಿ ಏನು ಹೇಳ್ಕೊಟ್ರು, ಅದನ್ನೇ ಹೇಳು ಮಗ" ಎನ್ನುತ್ತಿದ್ದರು. ಹೀಗೆ ಭಾನುವಾರದ ಎರಡು ಗಂಟೆಗಳಲ್ಲಿ ಫ್ರಾನ್ಸಿನ ಕ್ರಾಂತಿ, ಹೊಯ್ಸಳರು, ಮೈಸೂರು ಯುದ್ಧಗಳು ಎಲ್ಲವೂ ನಾಲೆಯ ಏರಿಯ ಮೇಲೆ ಸಾಗಿದುವು. ಒಂದು ದಿನ ಮ್ಯಾರಥಾನಿನ ಕಥೆಯನ್ನೇ ಹೇಳಿದೆ. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಅಥೆನ್ಸಿನವರು ಪರ್ಷಿಯನ್ನರನ್ನು ಸೋಲಿಸಿದರೆಂದೂ, ದೂತನೊಬ್ಬ ಊರಿಗೆ ಓಡಿ ಬಂದು ಗೆಲುವಿನ ಸುದ್ದಿ ಹೇಳಿ ಪ್ರಾಣ ಬಿಟ್ಟನೆಂದೂ ಹೇಳಿದೆನು. ಅಪ್ಪ ಸೈಕಲ್ ನಿಲ್ಲಿಸಿದರು. "ಅವನು ಓಡಿ ಸತ್ತೋದ ಅಂತೀಯ, ನೀನ್ಯಾಕವ್ವ ಓಡ್ತಿದ್ದೀಯೆ?" ಯುದ್ಧದ ಕಾಲಕ್ಕೆ ಹತ್ತಿರದವನಾದ ಹೆರೊಡೊಟಸ್ ಈ ಸಾವಿನ ಮಾತನ್ನು ಹೇಳುವುದೇ ಇಲ್ಲ, ಅವನು ಹೇಳುವುದು ಯುದ್ಧಕ್ಕೆ ಮುಂಚೆ ಸಹಾಯ ಕೇಳಲು ಸ್ಪಾರ್ಟಕ್ಕೆ ಓಡಿದ ದೂತನ ವಿಷಯ, ಸಾವಿನ ಕಥೆ ಶತಮಾನಗಳ ಅನಂತರದ ಲೇಖಕರದು ಎಂದು ವಿವರಿಸಿದ ಮೇಲೆಯೇ ಅವರು ಪೆಡಲ್ ತುಳಿದದ್ದು. ಆ ಸೆಮಿಸ್ಟರಿನಲ್ಲಿ ಪ್ರಾಚೀನ ಇತಿಹಾಸದ ಪತ್ರಿಕೆಗೆ ನಾನು ಬೇರೆ ಸಿದ್ಧತೆಯನ್ನೇ ಮಾಡಲಿಲ್ಲವೆಂದರೆ ಗುರುಗಳು ಕೋಪಿಸಿಕೊಳ್ಳಬಾರದು.

ಆರನೆಯ ವಾರದಲ್ಲಿ ಇದೆಲ್ಲ ನಿಂತಿತು. ಹೋಟೆಲಿನ ಮುಂದೆ ಊರಿನ ಹಿರಿಯರೊಬ್ಬರು ಅಪ್ಪನಿಗೆ, "ಮಗಳಿಗೆ ಚಡ್ಡಿ ಹಾಕ್ಸಿ ಓಡುಸ್ತಾ ಇದ್ದೀಯಂತಲ್ಲ, ನಾಳೆ ಯಾರು ಬಂದು ಹೆಣ್ಣು ಕೇಳಾರು?" ಎಂದರಂತೆ. ನಾನು ಓಡುತ್ತಿದ್ದುದು ಚೂಡಿದಾರದ ಪೈಜಾಮದಲ್ಲಿ. ಆದರೆ ಅಂತಹ ಮಾತಿಗೆ ಸಾಕ್ಷ್ಯ ಬೇಕಿಲ್ಲ. ನೆರೆಮನೆಯ ಅಜ್ಜಿಯೊಬ್ಬರು, ಹೆಣ್ಣುಮಕ್ಕಳು ಕುಪ್ಪಳಿಸಿದರೆ ಗರ್ಭಚೀಲ ಜಾರುತ್ತದೆಂದು ಅವ್ವನನ್ನು ಹೆದರಿಸಿದರು. ಇದು ಹಳ್ಳಿಯ ಅಜ್ಞಾನವೆಂದು ನಗುವವರು ಚರಿತ್ರೆಯನ್ನು ನೋಡಬೇಕು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮಹಿಳೆಯರು 800 ಮೀಟರು ಓಡಿದಾಗ, ಅವರು ದಣಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದುವು. ಅನಂತರ 1960ರವರೆಗೆ ಆ ಓಟವನ್ನು ಮಹಿಳೆಯರಿಗೆ ಇಡಲೇ ಇಲ್ಲ. ಮಹಿಳೆಯರ ಒಲಿಂಪಿಕ್ ಮ್ಯಾರಥಾನ್ ಆರಂಭವಾದುದು 1984ರಲ್ಲಿ, ಲಾಸ್ ಏಂಜಲಿಸ್ ನಗರದಲ್ಲಿ; ನಮ್ಮ ಪಿ.ಟಿ. ಉಷಾ ಅವರಿಗೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ತಪ್ಪಿದ ಅದೇ ಕ್ರೀಡೆಗಳಲ್ಲಿ. ಆ ಅಜ್ಜಿಯ ಮಾತನ್ನು ಪಾಶ್ಚಾತ್ಯರೂ ಬಹುಕಾಲ ನಂಬಿದ್ದರು.

ಅಪ್ಪ ಬೈಯಲಿಲ್ಲ, ಬೆಳಿಗ್ಗೆ ಏಳಲಿಲ್ಲ, ಅಷ್ಟೆ. ನಾಲ್ಕು ದಿನ ನಾನು ಸುಮ್ಮನಿದ್ದೆ. ಎರಡು ವಾರ ಓಟ ಬಿಟ್ಟರೆ ಗಳಿಸಿದ ಶಕ್ತಿ ಇಳಿಯತೊಡಗುತ್ತದೆಂದು ನಿರ್ದೇಶಕರು ಹೇಳಿದ್ದುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಐದನೆಯ ದಿನ ಅವ್ವ ಒಂದು ಗಂಟೆ ಮುಂಚೆ ಎದ್ದು ಹಸು ಕರೆದು, ಟಾರ್ಚು ಹಿಡಿದು, "ನಡಿ" ಎಂದರು. ಅವರಿಗೆ ಸೈಕಲ್ ಬಾರದು. ನಾಲೆಯ ಒಂದು ತೂಬಿನ ಹತ್ತಿರ ದೀಪ ಹಿಡಿದು ನಿಂತರು. ಆ ತೂಬಿಗೂ ಮುಂದಿನ ತೂಬಿಗೂ ನಡುವೆ ಅರ್ಧ ಕಿಲೊಮೀಟರಿನಷ್ಟು ದೂರ. ಆ ಬೆಳಕು ಕಾಣುವಷ್ಟರೊಳಗೆ ನಾನು ಹೋಗುವುದು, ಬರುವುದು, ಹೋಗುವುದು, ಬರುವುದು. ಹೀಗೆ ಆರು ಕಿಲೊಮೀಟರು. ಒಂದು ವಾರ ಹೀಗೆ ನಡೆಯಿತು. ಎಂಟನೆಯ ದಿನ ಅಪ್ಪ ಸೈಕಲ್ ಹೊರಗೆ ತೆಗೆದು, "ಹಾವು ಹುಳ ಓಡಾಡೋ ಜಾಗದಲ್ಲಿ ಅವಳನ್ನ ನಿಲ್ಸಿದ್ದೀಯಲ್ಲ" ಎಂದು ನನ್ನ ಮೇಲೆ ರೇಗಿದರು. ಊರಿನವರ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅದೇ ಸುಮಾರಿಗೆ ಇನ್ನೊಂದು ತೊಡಕು ಬಂತು. ಎಂಟು ಕಿಲೊಮೀಟರು ದಾಟಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ 9.8 ಇದ್ದಿತು. ಮಹಿಳೆಯರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ಲೆಕ್ಕ. ಶ್ವಾಸಕೋಶದಿಂದ ಮಾಂಸಖಂಡಗಳಿಗೆ ಆಮ್ಲಜನಕವನ್ನು ಹೊರುವುದೇ ಈ ಹಿಮೊಗ್ಲೋಬಿನ್. ಹೊರುವ ಗಾಡಿಗಳೇ ಕಡಿಮೆಯಿದ್ದರೆ ಎಷ್ಟು ಉಸಿರೆಳೆದುಕೊಂಡರೂ ಪ್ರಯೋಜನವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಜೊತೆಗೆ ಬಂದಿದ್ದ ಅವ್ವನ ರಕ್ತವನ್ನೂ ಅಲ್ಲಿಯ ನರ್ಸಮ್ಮ ಪರೀಕ್ಷಿಸಿದರು. 8.4. ಇಪ್ಪತ್ತು ವರ್ಷಗಳಿಂದ ಎಲ್ಲರಿಗಿಂತ ಮುಂಚೆ ಏಳುತ್ತ, ಇತ್ತೀಚೆಗೆ ನನ್ನ ಕೆಲಸವನ್ನೂ ಮಾಡುತ್ತಿದ್ದವರಲ್ಲಿ ನನ್ನಲ್ಲಿದ್ದಷ್ಟೂ ರಕ್ತವಿರಲಿಲ್ಲ. ನಾನು ಓಡದೆ ಇದ್ದಿದ್ದರೆ ಆ ಅಂಕಿ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇಬ್ಬರಿಗೂ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಊಟವಾದ ಕೂಡಲೆ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಓಟದ ಹೊತ್ತಿಗೆ ನನ್ನದು 11.6ಕ್ಕೆ ಏರಿತು. ಅವ್ವ ಹೊಟ್ಟೆಯಲ್ಲಿ ಸಂಕಟವೆಂದು ನಡುವೆ ಮಾತ್ರೆ ಬಿಟ್ಟಿದ್ದರು. ನನ್ನ ಅಭ್ಯಾಸದ ಪುಸ್ತಕದಲ್ಲಿ ಅವರ ಮಾತ್ರೆಗೂ ಒಂದು ಕಾಲಂ ಹಾಕಿ ಗುರುತು ಮಾಡತೊಡಗಿದ ಮೇಲೆ ಮುಂದುವರಿಸಿದರು. ಆ ಕಾಲಂ ಈಗಲೂ ಇದೆ.

ಆಹಾರದ ವಿಷಯದಲ್ಲಿ ಪೇಟೆಯ ಪುಡಿಗಳ ಅಗತ್ಯ ನನಗೆ ಕಾಣಲಿಲ್ಲ. ಸಾಮಾನ್ಯ ಮೈಕಟ್ಟಿನವರ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ 400ರಿಂದ 500 ಗ್ರಾಮಿನಷ್ಟು ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ಒಂದು ಕಿಲೊಮೀಟರು ಓಡಲು ಕಿಲೊ ತೂಕಕ್ಕೆ ಸುಮಾರು ಒಂದು ಕಿಲೊಕ್ಯಾಲೊರಿ ಬೇಕು. ನನ್ನ ತೂಕ 46 ಕಿಲೊ. ಅರ್ಧ ಮ್ಯಾರಥಾನಿಗೆ ಸಾವಿರ ಕಿಲೊಕ್ಯಾಲೊರಿಯೂ ಬೇಡ. ದಾಸ್ತಾನು ಅದಕ್ಕೆ ಸಾಲುತ್ತದೆ, ಹಿಂದಿನ ದಿನಗಳಲ್ಲಿ ಹೊಟ್ಟೆ ತುಂಬ ಉಂಡಿದ್ದರೆ. ಅಜ್ಜಿ ಮುದ್ದೆಯ ಗಾತ್ರವನ್ನು ಯಾರನ್ನೂ ಕೇಳದೆ ಹೆಚ್ಚಿಸಿದ್ದರು. ನೀರನ್ನು ಬಾಯಾರಿದಷ್ಟೇ ಕುಡಿಯಬೇಕು. ಹೆದರಿ ಬರಿಯ ನೀರನ್ನು ಬಿಂದಿಗೆಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅಪಾಯವೇ ಆಗಬಹುದು. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಒಳ್ಳೆಯದು. ಹಣ ಖರ್ಚಾದುದು ಬೂಟಿಗೆ ಮಾತ್ರ. ಅದು ಹಾಲಿನ ಹಣ.

ಕೊನೆಯ ಎರಡು ವಾರ ಓಟವನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಕೆಂಬುದು ನಿಯಮ. ಮೈ ದಣಿವಾರಿ, ಸವೆದುದನ್ನು ತುಂಬಿಕೊಳ್ಳುವ ಕಾಲವದು. ಇದನ್ನು ಮನೆಯಲ್ಲಿ ತಿಳಿಹೇಳುವುದು ಬಹಳ ಕಷ್ಟವಾಯಿತು. ಭತ್ತದ ಕೊಯ್ಲು ಆಗತಾನೆ ಶುರುವಾಗಿತ್ತು. "ಓಡುವಾಗಲೂ ಬಿಡುವು, ಓಡದೆ ಇರುವಾಗಲೂ ಬಿಡುವಾ?" ಎಂದು ತಮ್ಮ ಕೇಳಿದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕುಡುಗೋಲು ಹಿಡಿದೆ. ನಿರ್ದೇಶಕರಿಗೆ ಈ ಸಂಗತಿಯನ್ನು ಇಲ್ಲಿಯೇ ಮೊದಲು ಒಪ್ಪಿಸುತ್ತಿದ್ದೇನೆ.

ಓಟ ಬೆಳಿಗ್ಗೆ ಆರಕ್ಕೆ ಆರಂಭವಾಗುವುದರಿಂದ ಹಿಂದಿನ ದಿನವೇ ಹೋಗಿ ಮೈಸೂರಿನ ಚಿಕ್ಕವ್ವನ ಮನೆಯಲ್ಲಿ ಉಳಿದೆವು. ಹಸುಗಳಿಗಾಗಿ ಅಜ್ಜಿ ಮತ್ತು ತಮ್ಮ ಊರಿನಲ್ಲಿಯೇ ಉಳಿಯಬೇಕಾಯಿತು. ಮೊದಲ ಎರಡು ಕಿಲೊಮೀಟರು ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋದರು. ಹೊಸಬರು ಎಡವುವುದು ಇಲ್ಲಿಯೇ ಎಂದು ತಿಳಿದಿದ್ದುದರಿಂದ ತಡೆದುಕೊಂಡೆ. ಹದಿನಾಲ್ಕನೆಯ ಕಿಲೊಮೀಟರಿನ ಬಳಿ ಅಪ್ಪ ಅವ್ವ ನಿಂತಿರಬೇಕೆಂದು ಮಾತಾಗಿತ್ತು. ನಿಂತಿದ್ದರು ಕೂಡ. ಆದರೆ ಎಲ್ಲರೂ ಒಂದೇ ಬಣ್ಣದ ಬನಿಯನ್ನು ತೊಟ್ಟಿದ್ದುದರಿಂದ ಅವ್ವ ನನ್ನ ಮುಂದೆ ಹೋಗುತ್ತಿದ್ದ ಇನ್ನಾವಳೋ ಹುಡುಗಿಯನ್ನು ಕೂಗಿ ಹುರಿದುಂಬಿಸುತ್ತಿದ್ದರು. ಆ ಹುಡುಗಿ ಕೈಯೆತ್ತಿ ನಕ್ಕು ಮುಂದೆ ಹೋದಳು. "ಅವ್ವಾ, ನಾನಿಲ್ಲಿ" ಎಂದು ನಾನೇ ಕೂಗಬೇಕಾಯಿತು. ಪೂರ್ತಿ ವಾಕ್ಯ ಬಂದುದರಿಂದ ವೇಗ ಸರಿಯಾಗಿದೆಯೆಂದುಕೊಂಡೆ. ಹದಿನೆಂಟರ ಮೇಲೆ ತೊಡೆ ಬಿಗಿಯಿತು. ಅಷ್ಟು ದೂರವನ್ನು ಅದಕ್ಕೆ ಮುಂಚೆ ಓಡಿರಲಿಲ್ಲ. ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬಕ್ಕೆಂದು, ತೂಬಿನಿಂದ ತೂಬಿಗೆ ಓಡಿದಂತೆ, ಎಣಿಸಿಕೊಂಡು ಮುಗಿಸಿದೆ.

ಸಂಜೆಯ ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕಾಗಿದ್ದುದರಿಂದ ಹನ್ನೊಂದರ ಬಸ್ಸು ಹಿಡಿದೆವು. ಮನೆಯಲ್ಲಿ ತಮ್ಮ ಎಲ್ಲರಿಗೂ ಕೊಡುವ ಆ ಪದಕವನ್ನು ಕೈಯಲ್ಲಿ ತೂಗಿ ನೋಡಿ, ಹಿಂತಿರುಗಿಸಿ, "ಅಕ್ಕ, ನಾಳೆಯಿಂದ ಹಾಲು ನೀನೇ ತಾನೆ?" ಎಂದು ಕೇಳಿದ. ಮರುದಿನ ಕಾಲು ಮಡಿಸಲಾಗದಿದ್ದರೂ ಕ್ಯಾನು ಹಿಡಿದು ಡೇರಿಗೆ ಹೋದೆ.