ಶುಗರ್, ಬೊಜ್ಜು ಇದ್ದರೆ ಮಹಿಳೆಯರ ಲೈಂಗಿಕ ಆರೋಗ್ಯಕ್ಕೂ ತೊಂದರೆಯೇ? ಅಧ್ಯಯನಗಳ ಲೆಕ್ಕವನ್ನು ಓದುವುದು ಹೀಗೆ

ಮುಂಬೈ: ಬೊಜ್ಜು, ಬಿಪಿ, ಶುಗರ್ ಇರುವ ಮಹಿಳೆಯರಲ್ಲಿ ಲೈಂಗಿಕ ಸಮಸ್ಯೆ ಹೆಚ್ಚು ಎಂಬ ಅಧ್ಯಯನಗಳು ಆಗಾಗ ಸುದ್ದಿಯಾಗುತ್ತವೆ. ಆದರೆ ಒಂದಕ್ಕೆ ಇನ್ನೊಂದು ಕಾರಣವೇ? ಉತ್ತರ ಇರುವುದು ಲೆಕ್ಕ ಹಾಕಿದ ರೀತಿಯಲ್ಲಿ.

ಏನಿದು ಮೆಟಬಾಲಿಕ್ ಸಿಂಡ್ರೋಮ್?

ಐದು ಅಂಶಗಳಲ್ಲಿ ಕನಿಷ್ಠ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನಲಾಗುತ್ತದೆ. ಭಾರತೀಯ ಮಹಿಳೆಯರಿಗೆ ಆ ಮಿತಿಗಳು ಹೀಗಿವೆ: ಸೊಂಟದ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು, ಬಿಪಿ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ (ಎಚ್‌ಡಿಎಲ್) 50ಕ್ಕಿಂತ ಕಡಿಮೆ.

ಮುಂಬೈನ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟ, ಬಿಪಿ, ಶುಗರ್ ಅಳೆಯಲಾಗಿತ್ತು. ಆದರೆ ಮಹಿಳೆಯರ ಲೈಂಗಿಕ ಆರೋಗ್ಯವನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿ ಅದರಲ್ಲಿ ಇರಲಿಲ್ಲ. ಹೀಗಾಗಿ ಇಂಥ ಅಧ್ಯಯನಗಳು ಹೆಚ್ಚಾಗಿ ಆಸ್ಪತ್ರೆಗೆ ಬರುವ ಮಹಿಳೆಯರನ್ನೇ ಅವಲಂಬಿಸುತ್ತವೆ. ಒಪಿಡಿ ಸಾಲಿನಲ್ಲಿ ನಿಂತವರು ಇಡೀ ನಗರದ ಪ್ರತಿನಿಧಿಗಳಲ್ಲ.

ವಯಸ್ಸು ತರುವ ಗೊಂದಲ

ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಿಂಡ್ರೋಮ್ ಇರುವ 100 ಮಹಿಳೆಯರಲ್ಲಿ 44 ಮಂದಿಗೆ, ಇಲ್ಲದ 100ರಲ್ಲಿ 26 ಮಂದಿಗೆ ಲೈಂಗಿಕ ಸಮಸ್ಯೆ ಇದೆ ಎಂದುಕೊಳ್ಳೋಣ. ಸಿಂಡ್ರೋಮ್ ಕಾರಣ ಎನಿಸುತ್ತದೆ. ಆದರೆ ಮೊದಲ ಗುಂಪಿನಲ್ಲಿ 80 ಮಂದಿ, ಎರಡನೆಯದರಲ್ಲಿ 20 ಮಂದಿ ಮಾತ್ರ 45 ದಾಟಿದವರು. 45 ದಾಟಿದವರಲ್ಲಿ ಅರ್ಧದಷ್ಟು, ಕಿರಿಯರಲ್ಲಿ ಐದರಲ್ಲೊಬ್ಬರಿಗೆ ಸಮಸ್ಯೆ ಇದ್ದರೆ, ಸಿಂಡ್ರೋಮ್‌ನ ಪಾತ್ರವೇ ಇಲ್ಲದೆ ಇದೇ 44 ಮತ್ತು 26 ಬರುತ್ತದೆ!

ಇದಕ್ಕಾಗಿಯೇ ಸಂಶೋಧಕರು ಲಾಜಿಸ್ಟಿಕ್ ರಿಗ್ರೆಶನ್ ಎಂಬ ವಿಧಾನ ಬಳಸುತ್ತಾರೆ. ವಯಸ್ಸು, ಮುಟ್ಟು ನಿಂತಿರುವುದು, ಖಿನ್ನತೆ, ಔಷಧಿಗಳ ಪ್ರಭಾವವನ್ನು ಬೇರ್ಪಡಿಸಿ, ಉಳಿದ ಸಂಬಂಧ ಎಷ್ಟು ಎಂದು ಅದು ಅಂದಾಜಿಸುತ್ತದೆ. ಆದರೂ ಒಂದೇ ಬಾರಿ ಮಾಹಿತಿ ಪಡೆದ ಅಧ್ಯಯನದಿಂದ ಯಾವುದು ಮೊದಲು ಬಂತು ಎಂದು ಹೇಳಲಾಗದು. ಅದಕ್ಕೆ ಅದೇ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಬೇಕು.

ಸೊನ್ನೆ ಎಂದರೆ ಕಾಯಿಲೆಯೇ?

ಇಂಥ ಅಧ್ಯಯನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2000ರಲ್ಲಿ ಪ್ರಕಟವಾದ ಎಫ್‌ಎಸ್‌ಎಫ್‌ಐ ಪ್ರಶ್ನಾವಳಿ. 19 ಪ್ರಶ್ನೆ, ಗರಿಷ್ಠ 36 ಅಂಕ. 26.55 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಮಸ್ಯೆ ಇದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಇದು ಕೇಳುವುದು ಕಳೆದ ನಾಲ್ಕು ವಾರಗಳ ಬಗ್ಗೆ. ಆ ಅವಧಿಯಲ್ಲಿ ಸಂಪರ್ಕವೇ ಇಲ್ಲದಿದ್ದರೆ ಹಲವು ಪ್ರಶ್ನೆಗಳಿಗೆ ಸೊನ್ನೆ ಬೀಳುತ್ತದೆ. ಗಂಡ ಪರ ಊರಿನಲ್ಲಿರುವ, ಅಥವಾ ಚಾಳಿನ ಒಂದೇ ಕೋಣೆಯಲ್ಲಿ ಅತ್ತೆ-ಮಾವ, ಮಕ್ಕಳೊಂದಿಗೆ ಮಲಗುವ ಮಹಿಳೆಯ ಸೊನ್ನೆಯನ್ನು ಕಾಯಿಲೆ ಎಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ.

ನೀವು ಗಮನಿಸಬೇಕಾದ್ದು

ಇಂಥ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳಿ: ಯಾರನ್ನು ಆಯ್ಕೆ ಮಾಡಿದರು? ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೇ? ಸೊನ್ನೆ ಅಂಕಗಳನ್ನು ಏನು ಮಾಡಿದರು?

ಲೆಕ್ಕ ಏನೇ ಇರಲಿ, ನೋವು, ಒಣಗುವಿಕೆ, ನಿರಾಸಕ್ತಿ ಕಾಡುತ್ತಿದ್ದರೆ ಶುಗರ್, ಬಿಪಿ ತಪಾಸಣೆಗೆ ಹೋದಾಗ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.